ಕೊಳವೆಬಾವಿಯ ಲೆಕ್ಕ ಹಾಲಿನ ಡೇರಿಗೆ ಬಂದ ಬಗೆ

ಪಂಚಾಯಿತಿಯ ಅಂಕಿಅಂಶವನ್ನು ಜನ ಓದುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಬೆಂಗಳೂರಿನಲ್ಲಿ ದತ್ತಾಂಶದ ಕೆಲಸ ಮಾಡುವ ಗೆಳೆಯರು ಹೇಳಿದರು, ಕೋಲಾರದ ಮಾಹಿತಿ ಹಕ್ಕು ಕಾರ್ಯಕರ್ತರೂ ಹೇಳಿದರು. ಇಂದು ಮುಳಬಾಗಿಲು ತಾಲ್ಲೂಕಿನ ಸುಮಾರು ಮೂವತ್ತು ಊರುಗಳ ಹಾಲಿನ ಡೇರಿಗಳಲ್ಲಿ ಆಯಾ ಊರಿನ ಕುಡಿಯುವ ನೀರಿನ ಕೊಳವೆಬಾವಿಗಳ ಪಟ್ಟಿ ಗೋಡೆಯ ಮೇಲಿದೆ. ಯಾವ ಬಾವಿ, ಎಷ್ಟು ಅಡಿ, ಎಷ್ಟು ಇಂಚು ನೀರು (ಬಾವಿಯ ಇಳುವರಿಯ ಅಳತೆ), ಯಾವಾಗ ರಿಪೇರಿ, ಬಿಲ್ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಜನ ಓದುತ್ತಾರೆ, ತಪ್ಪಿದ್ದರೆ ಪೆನ್ನು ಕೇಳಿ ತಿದ್ದುತ್ತಾರೆ. ಇದೇ ಕೆಲಸಕ್ಕೆ ಇಳಿದವರಿಗಾಗಿ ಬರೆಯುತ್ತಿದ್ದೇನೆ. ಅರ್ಜಿ ಬರೆಯುವುದು, ಮೇಲ್ಮನವಿ ಹಾಕುವುದು, ಎಕ್ಸೆಲ್ ಬಳಸುವುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ನೀರಿನ ಲೆಕ್ಕವನ್ನೇ ಹಿಡಿದದ್ದಕ್ಕೆ ಕಾರಣ ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲ, ಸಾವಿರದ ಇನ್ನೂರು ಅಡಿ ಕೊರೆದರೂ ನೀರು ಸಿಗುವ ಭರವಸೆ ಇಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಯಿತು. ಅದರಲ್ಲಿ ಮೋಟಾರು ಎತ್ತುವುದು, ಇಳಿಸುವುದು, ರಿವೈಂಡಿಂಗ್, ಕೇಬಲ್, ಸ್ಟಾರ್ಟರ್ ಎಂದು ಕರಗುವ ಹಣ ಸಣ್ಣದಲ್ಲ. ಜಾಲತಾಣಗಳಲ್ಲಿ ಒಟ್ಟು ಮೊತ್ತ ಸಿಗುತ್ತದೆ. ಯಾವ ಬಾವಿಗೆ ಎಷ್ಟು ಎಂಬುದು ಮಾತ್ರ ವೋಚರ್ ಕಟ್ಟಿನಲ್ಲೇ ಉಳಿದಿರುತ್ತದೆ.

ಮೊದಲ ವರ್ಷ ಪ್ರತಿಗಳನ್ನು ಕೇಳುವುದರಲ್ಲೇ ಹೋಯಿತು. ನಮ್ಮ ರಾಜ್ಯದ ಮಾಹಿತಿ ಹಕ್ಕು ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೇರಿರಬೇಕು. ಒಂದು ಪಂಚಾಯಿತಿಯವರು ಎರಡು ವಿಷಯ ಬೆರೆತಿವೆ ಎಂದು ಅರ್ಜಿ ಹಿಂದಿರುಗಿಸಿದರು. ಇನ್ನೊಂದು ಪಂಚಾಯಿತಿಯವರು ಮೂರು ಸಾವಿರಕ್ಕೂ ಹೆಚ್ಚು ಪುಟಗಳಿವೆ, ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ ಎಂದು ಬರೆದರು. ಆ ಪತ್ರ ಬಂದದ್ದು 30 ದಿನಗಳ ಗಡುವು ಮುಗಿದ ಮೇಲೆ. ಮಾಹಿತಿ ಹಕ್ಕು ಕಾಯ್ದೆಯ 7(6)ರಂತೆ ಉಚಿತವಾಗಿ ಕೊಡಬೇಕು ಎಂದು ಮೊದಲ ಮೇಲ್ಮನವಿ ಹಾಕಿ ಗೆದ್ದೆ. ಆದರೆ ಕೈಗೆ ಬಂದದ್ದು ಜೆರಾಕ್ಸಿನ ಜೆರಾಕ್ಸ್. ಅಂಚಿನಲ್ಲಿದ್ದ ಮೊತ್ತದ ಅಂಕಣವೇ ಕತ್ತರಿಸಿಹೋಗಿತ್ತು. ಮತ್ತೊಂದು ಪ್ರಕರಣವನ್ನು ಎರಡನೇ ಮೇಲ್ಮನವಿಗೆ ಒಯ್ದೆ. ವಿಚಾರಣೆಯ ದಿನಾಂಕ ಸಿಗುವುದಕ್ಕೇ ವರ್ಷ ದಾಟಿತು, ಅಷ್ಟರಲ್ಲಿ ಆ ಲೆಕ್ಕ ಹಳೆಯದಾಗಿತ್ತು.

ದಾರಿ ತೆರೆದದ್ದು ಪ್ರತಿ ಕೇಳುವುದನ್ನು ಬಿಟ್ಟು ಪರಿಶೀಲನೆ ಕೇಳಿದಾಗ. ಕಾಯ್ದೆಯ 2(ಜೆ) ಕಡತಗಳನ್ನು ಕೂತು ನೋಡುವ, ಟಿಪ್ಪಣಿ ಮಾಡಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಮೊದಲ ಗಂಟೆಗೆ ಶುಲ್ಕವೂ ಇಲ್ಲ. ಪ್ರತಿ ಕೇಳಿದರೆ ಸಿಬ್ಬಂದಿ ಒಂದೊಂದು ಹಾಳೆಯನ್ನೂ ಎಣಿಸಿ, ಪ್ರತಿ ತೆಗೆಸಿ, ದೃಢೀಕರಿಸಬೇಕು. ನೋಡಲು ಕೇಳಿದರೆ ಬೀರು ತೆಗೆದು ಕಟ್ಟು ಮುಂದಿಟ್ಟರೆ ಮುಗಿಯಿತು. ಅವರಿಗೆ ಕೆಲಸ ಕಡಿಮೆ, ನಮಗೆ ಮೂಲ ದಾಖಲೆಯೇ ಸಿಗುತ್ತದೆ. ಪಂಚಾಯಿತಿಯ ಲೆಕ್ಕವನ್ನು ಜನರೆದುರು ತಪಾಸಣೆ ಮಾಡುವ, ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಅರ್ಜಿಯೂ ಬೇಕಿಲ್ಲ, ದಾಖಲೆಗಳನ್ನು ಜನರ ಮುಂದೆ ಇಡಲೇಬೇಕು. ಊರಿನವರು ಸಹಿ ಹಾಕಿ ಹೊರಡುತ್ತಾರೆ, ನಾನು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಪರಿಶೀಲನೆಗೆ ವಾರದ ಯಾವ ದಿನ ಹೋಗಬೇಕು, ಮೊದಲು ಯಾವ ವಹಿ ಕೇಳಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ದಿನ ಬೀರುವಿನ ಕೀಲಿಕೈ ಸಿಗುವುದಿಲ್ಲ. ನೇರವಾಗಿ ಬಂದು ಕೇಳಿದವರಿಗೆ ಹೇಳುತ್ತೇನೆ.

ಲೆಕ್ಕ ಸಿಕ್ಕ ಮೇಲೆ ಹೊಂದಿಸುವ ತೊಂದರೆ. ಕ್ರಿಯಾ ಯೋಜನೆಯ ಕಡತ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿತ್ತು. ಯೂನಿಕೋಡಿಗೆ ತಿರುಗಿಸಿದರೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳು ಒಡೆಯುತ್ತಿದ್ದವು. ನಮ್ಮದು ತೆಲುಗು ಗಡಿ, ಒಂದೇ ಊರು ಒಂದು ವಹಿಯಲ್ಲಿ ಪಲ್ಲಿ, ಇನ್ನೊಂದರಲ್ಲಿ ಹಳ್ಳಿ. ಜನಗಣತಿಯ ಆರಂಕಿ ಸಂಕೇತ ಬಳಸೋಣವೆಂದರೆ ಅದಿರುವುದು ಕಂದಾಯ ಗ್ರಾಮಕ್ಕೆ. ಯಾರೂ ವಾಸವಿಲ್ಲದ ಬೇಚರಾಕ್ ಗ್ರಾಮಕ್ಕೂ ಸಂಕೇತವಿದೆ, ಕಂದಾಯ ಗ್ರಾಮವೊಂದಕ್ಕೆ ಸೇರಿದ ನೂರು ಮನೆಯ ಮಜರೆಗೆ (ಉಪಗ್ರಾಮಕ್ಕೆ) ಇಲ್ಲ. ಸರ್ವೆ ನಂಬರಿನಿಂದ ಹಿಡಿದರೆ ಎಕ್ಸೆಲ್ 12/3 ಎಂಬುದನ್ನು ದಿನಾಂಕವೆಂದು ತಿಳಿದು ತಿಂಗಳ ಹೆಸರು ಹಾಕಿಬಿಡುತ್ತದೆ. ಬೆರಳಚ್ಚು ಮಾಡುವ ಮೊದಲೇ ಆ ಅಂಕಣವನ್ನು ಪಠ್ಯ ಎಂದು ಬದಲಿಸಿಕೊಳ್ಳಿ, ಆಮೇಲೆ ಬದಲಿಸಿದರೆ ಹೋದ ಅಂಕಿ ಮರಳುವುದಿಲ್ಲ.

ಇದೆಲ್ಲಕ್ಕೂ ಪರಿಹಾರವಾಗಿ ಸಿಕ್ಕಿದ್ದು ಆರ್.ಆರ್. ಸಂಖ್ಯೆ. ಮೋಟಾರು ಇರುವ ಪ್ರತಿ ಬಾವಿಗೂ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆ ಇದ್ದೇ ಇರುತ್ತದೆ. ಊರಿನ ಹೆಸರು ಹೇಗೆ ಬರೆದರೂ ಅದು ಬದಲಾಗುವುದಿಲ್ಲ, ಪಂಚಾಯಿತಿಗೆ ಬರುವ ಕರೆಂಟ್ ಬಿಲ್ಲಿನಲ್ಲೂ ಅದೇ ಇರುತ್ತದೆ. ಅದನ್ನೇ ಬಾವಿಯ ಗುರುತಾಗಿ ಹಿಡಿದೆ. ಹೆಸರಿಗೆ ಹೆಸರು ಹೊಂದಿಸಿ ತಿಂಗಳುಗಟ್ಟಲೆ ಎಳೆದಿದ್ದ ಕೆಲಸ ಒಂದು ವಾರದಲ್ಲಿ ಮುಗಿಯಿತು. ಈ ಉಪಾಯವನ್ನು ಬೇರೆ ಯಾರೂ ಬಳಸಿದ್ದನ್ನು ನಾನು ಕಂಡಿಲ್ಲ, ಆ ಹೆಮ್ಮೆ ನನಗಿದೆ.

ಬಿಲ್ಲು ಸರಿಯೇ ಎಂದು ನೋಡಲು ಒಂದು ಸುಲಭದ ಲೆಕ್ಕವಿದೆ. ಜಿಐ ಪೈಪಿನ ಒಂದು ತುಂಡು 20 ಅಡಿ. ಮೋಟಾರು 800 ಅಡಿಯಲ್ಲಿದ್ದರೆ 40 ಪೈಪು ಇಳಿದಿರಬೇಕು, ಕೇಬಲ್ಲೂ ಅಷ್ಟುದ್ದಕ್ಕಿಂತ ತುಸು ಹೆಚ್ಚಿರಬೇಕು. ಅಳತೆ ಪುಸ್ತಕ, ದಾಸ್ತಾನು ವಹಿ, ವೋಚರ್ ಮೂರನ್ನೂ ಪಕ್ಕದಲ್ಲಿಟ್ಟರೆ ಸಾಕು.

ಜನರ ಮುಂದಿಡುವುದರಲ್ಲೇ ಹೆಚ್ಚು ಹಣ ಕಳೆದೆ. ಮೊದಲು ಜಾಲತಾಣ, ಅದರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪಿನ ಮೇಲೆ ಬಾವಿಗಳ ಚುಕ್ಕಿ. ಹದಿನೈದು ಸಾವಿರದಷ್ಟು ಖರ್ಚಾಯಿತು, ನೋಡಿದವರೆಲ್ಲ ಬೆಂಗಳೂರಿನವರು. ಆಮೇಲೆ ಗೋಡೆ ಬರಹ. ಗೋಡೆಗೆ ಏಳೆಂಟು ನೂರು ಕೊಟ್ಟು ಬರೆಸಿದ ಅಂಕಿ ಮುಂದಿನ ರಿಪೇರಿಗೇ ಹಳತಾಯಿತು. ಫ್ಲೆಕ್ಸ್ ಹಾಕಿಸಿದರೆ ಮಳೆಗಾಲದಲ್ಲಿ ದನದ ಕೊಟ್ಟಿಗೆಯ ಮೇಲೆ ಹೋಯಿತು. ಬಸ್ ನಿಲ್ದಾಣದಲ್ಲಿ ಕ್ಯೂಆರ್ ಸಂಕೇತ ಅಂಟಿಸಿದೆ, ಅದನ್ನು ಬಳಸಿದವರು ಬೆರಳೆಣಿಕೆಯಷ್ಟು.

ಡೇರಿಯ ಯೋಚನೆ ಬಂದದ್ದು ಹಾಲಿನ ಚೀಟಿಯಿಂದ. ನಮ್ಮ ಊರುಗಳಲ್ಲಿ ಹಾಲು ಹಾಕುವ ಹೆಂಗಸರು ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಮೊತ್ತ ಎಂಬ ಐದು ಅಂಕಣಗಳನ್ನು ದಿನಕ್ಕೆರಡು ಬಾರಿ ಓದುತ್ತಾರೆ. ಫ್ಯಾಟಿನಲ್ಲಿ ಒಂದು ಪಾಯಿಂಟ್ ಕಡಿಮೆ ಬಂದರೆ ಅಲ್ಲೇ ನಿಂತು ಕೇಳುತ್ತಾರೆ. ಹಳ್ಳಿಯವರಿಗೆ ಅಂಕಿ ಅರ್ಥವಾಗುವುದಿಲ್ಲ ಎನ್ನುವವರು ಬೆಳಿಗ್ಗೆ ಆರೂವರೆಗೆ ಒಮ್ಮೆ ಅಲ್ಲಿ ನಿಲ್ಲಬೇಕು. ಎ3 ಹಾಳೆ, ದಪ್ಪ ಅಕ್ಷರ, ಅಂಕಣ ಆರಕ್ಕಿಂತ ಹೆಚ್ಚಿಲ್ಲ. ಲ್ಯಾಮಿನೇಷನ್ ಸೇರಿ ನಲವತ್ತು ರೂಪಾಯಿ. ಡೇರಿ ಕಾರ್ಯದರ್ಶಿಗಳ ಒಪ್ಪಿಗೆ ಪಡೆದು ತೂಕದ ಯಂತ್ರದ ಪಕ್ಕದ ಗೋಡೆಗೆ ಹಾಕಿದೆ. ಬಾವಿಗೆ ಆರ್.ಆರ್. ಸಂಖ್ಯೆಯ ಜೊತೆ ಊರಿನವರು ಕರೆಯುವ ಹೆಸರೂ ಇರಲೇಬೇಕು: ಶಾಲೆ ಹಿಂದಿನ ಬೋರು, ಮಾವಿನ ತೋಪಿನ ಬೋರು ಎಂದು.

ಎರಡನೆಯ ವಾರದಲ್ಲಿ ಒಂದು ಊರಿನ ಅಜ್ಜಿಯೊಬ್ಬರು ಕರೆದು, "ಏನಪ್ಪಾ, ತೋಪಿನ ಬೋರು ಬತ್ತಿ ಎರಡು ಬೇಸಿಗೆ ಆಯಿತು. ಅದಕ್ಕೆ ಮೋಟಾರು ಯಾಕೆ ರಿಪೇರಿ ಮಾಡಿದರು?" ಎಂದು ಕೇಳಿದರು. ವಹಿಯಲ್ಲಿ ಮೂರು ರಿಪೇರಿ, ಸುಮಾರು ಅರವತ್ತು ಸಾವಿರ. ವಾರ್ಡ್ ಸಭೆಯಲ್ಲಿ ಅವರೇ ಎದ್ದು ಕೇಳಿದರು. ಹೊಸ ಬಿಲ್ಲು ನಿಂತಿತು, ಆ ವರ್ಷದ ಕ್ರಿಯಾ ಯೋಜನೆಯಲ್ಲಿ ಪಕ್ಕದ ಬಾವಿಯಿಂದ ಪೈಪ್‌ಲೈನ್ ಬಂತು.

ನಾನು ನಿರೀಕ್ಷಿಸದ ಇನ್ನೊಂದು ಸಂಗತಿಯೂ ನಡೆಯಿತು. ಬೇರೊಂದು ಪಂಚಾಯಿತಿಯಲ್ಲಿ ನೀರು ಬಿಡುವುದಿಲ್ಲವೆಂದು ವಾಟರ್‌ಮ್ಯಾನನ್ನು ಜನ ದಿನವೂ ಬಯ್ಯುತ್ತಿದ್ದರು. ಪಟ್ಟಿಯಲ್ಲಿ ಆ ಬಾವಿಯ ನೀರು ಎರಡು ಇಂಚಿನಿಂದ ಅರ್ಧ ಇಂಚಿಗೆ ಇಳಿದದ್ದು ಕಂಡ ಮೇಲೆ ಬೈಗುಳ ನಿಂತಿತು. ಅಲ್ಲಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ತಾವಾಗಿಯೇ ಕರೆದು ಉಳಿದ ಊರುಗಳಿಗೂ ಹಾಕಿ ಎಂದರು. ಈಗ ಅಲ್ಲಿ ನಾನು ಅರ್ಜಿ ಹಾಕುವುದಿಲ್ಲ, ಡಾಟಾ ಎಂಟ್ರಿ ಆಪರೇಟರ್ ಪ್ರತಿ ತಿಂಗಳು ಕಡತವನ್ನೇ ಕಳುಹಿಸುತ್ತಾರೆ. ಕಾಯ್ದೆಯ 4(1)(ಬಿ) 2005ರಿಂದಲೂ ಕೇಳುತ್ತಿರುವುದು ಇಂಥದ್ದನ್ನೇ: ಯಾರೂ ಕೇಳುವ ಮೊದಲೇ ಪ್ರಕಟಿಸಿ ಎಂದು. ದಾಖಲೆ ಇಟ್ಟವರಿಗೂ ಅದರಿಂದ ಉಪಯೋಗವಾದ ಮೇಲೆ ಬಾಗಿಲು ತಾನಾಗಿ ತೆರೆಯಿತು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಓದಲು ಬಾರದ ಹಿರಿಯರಿಗಾಗಿ ಪಟ್ಟಿಯನ್ನು ತೆಲುಗಿನಲ್ಲಿ ಓದಿ ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಮಾಡಿದೆ. ಅದು ನನಗಿಂತ ವೇಗವಾಗಿ ಊರು ಸುತ್ತಿತು. ಮಳೆ ಮಾಪನವನ್ನೂ ಸೇರಿಸೋಣವೆಂದು ಮನೆಯ ತಾರಸಿಯಲ್ಲಿ ಅಳತೆ ಪಾತ್ರೆ ಇಟ್ಟು ಪಂಚಾಯಿತಿ ಮಳೆಮಾಪಕದ ಅಂಕಿಗೆ ಹೋಲಿಸಿದೆ. ಎರಡು ಕಿಲೋಮೀಟರಿನಲ್ಲೇ ಮಳೆ ಬಹಳ ಬೇರೆಯಾಗುತ್ತದೆ, ಆ ಅಂಕಣವನ್ನು ಕೈಬಿಟ್ಟೆ. ಬತ್ತಿದೆ ಎಂದು ಬರೆಯುವಾಗ ದಿನಾಂಕ ಹಾಕುವುದು ಕಡ್ಡಾಯ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಬತ್ತಿದ ಬೋರುಗಳು ಮತ್ತೆ ನೀರು ಕೊಟ್ಟದ್ದನ್ನು ಜಿಲ್ಲೆಯವರು ಕಂಡಿದ್ದಾರೆ.

ಫಲಾನುಭವಿಗಳ ಹೆಸರು, ಮೊಬೈಲ್ ಸಂಖ್ಯೆ ಪಟ್ಟಿಗೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು ಅವಕಾಶ ಕೊಡುವ ಮಾಹಿತಿ ಹಕ್ಕಿನ 8(1)(ಜೆ)ಗೆ ತಿದ್ದುಪಡಿ ತಂದಿದೆ. ಅರ್ಜಿ ತಿರಸ್ಕರಿಸುವವರಿಗೆ ನಾವೇ ನೆಪ ಒದಗಿಸುವುದು ಬೇಡ. ಬಾವಿಯ ಲೆಕ್ಕಕ್ಕೆ ಯಾರ ಹೆಸರೂ ಬೇಕಿಲ್ಲ.

ಒಟ್ಟು ಖರ್ಚು ನಲವತ್ತೈದು ಸಾವಿರದ ಆಸುಪಾಸು, ಅದರಲ್ಲಿ ಮುಕ್ಕಾಲು ಪಾಲು ಡೇರಿಗೆ ಬರುವ ಮೊದಲೇ ಹೋದದ್ದು. ಈಗ ಹಾಳೆಯ ಖರ್ಚನ್ನು ಕೆಲವು ಹಾಲು ಸಂಘಗಳೇ ಕೊಡುತ್ತಿವೆ. ಮುಂದಿನದು ಶುದ್ಧ ಕುಡಿಯುವ ನೀರಿನ ಘಟಕಗಳು. ಫಿಲ್ಟರ್ ಬದಲಿಸಿದ ದಿನಾಂಕ, ಫ್ಲೋರೈಡ್ ಪರೀಕ್ಷೆಯ ಅಂಕಿ, ಸಂಗ್ರಹವಾದ ನಾಣ್ಯದ ಹಣ, ಈ ಮೂರೇ ಅಂಕಣ. ಶ್ರೀನಿವಾಸಪುರದ ಇಬ್ಬರು ಕೈಜೋಡಿಸಿದ್ದಾರೆ, ಪರಿಶೀಲನೆಯ ಅರ್ಜಿಗಳು ಕಳೆದ ವಾರ ಅಂಚೆಗೆ ಬಿದ್ದಿವೆ.