ನಾಲ್ವರು ಕೂಡಿ ಮುಕ್ತವಾಗಿ ನುಡಿಸುವುದು ಹೇಗೆ: ಮುಂಬೈಯ ಕನ್ನಡ ವಾದಕರಿಗೆ

ರಾಗ, ತಾಳ, ಕೃತಿ ಯಾವುದನ್ನೂ ಮುಂಚಿತವಾಗಿ ಗೊತ್ತುಮಾಡಿಕೊಳ್ಳದೆ ಕೆಲವೇ ಮಂದಿ ಸೇರಿ, ಆ ಹೊತ್ತಿಗೆ ಹುಟ್ಟಿದ್ದನ್ನೇ ಸಂಗೀತವಾಗಿ ಕಟ್ಟುವ ಮುಕ್ತ ಜಾಝ್ ನಮ್ಮವರಿಗೆ ತೀರ ಹೊರಗಿನದೇನೂ ಅಲ್ಲ. ಮುಂಬೈಯ ದೊಡ್ಡ ಹೋಟೆಲುಗಳಲ್ಲಿ 1930ರ ದಶಕದಿಂದಲೇ ಜಾಝ್ ಕೇಳಿಬರುತ್ತಿತ್ತು ಮತ್ತು 1978ರಲ್ಲಿ ಇಲ್ಲಿಯೇ ಜಾಝ್ ಯಾತ್ರಾ ಉತ್ಸವ ಆರಂಭವಾಯಿತು. ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿದ ಕದ್ರಿ ಗೋಪಾಲನಾಥರು 1980ರಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿಯವರೊಂದಿಗೆ ನುಡಿಸಿದ್ದೂ ಇದೇ ನಗರದ ಜಾಝ್ ಉತ್ಸವದಲ್ಲಿ. ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಇರುವ ನಾಲ್ವರು ವಾದಕರು ಈ ಪದ್ಧತಿಯನ್ನು ಕೈಗೆತ್ತಿಕೊಳ್ಳುವುದಾದರೆ ಎಲ್ಲಿಂದ ತೊಡಗಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಮಂದಿಯ ವಿಷಯ. ಮೂವರು ಅಥವಾ ನಾಲ್ವರು ಸಾಕು. ಐವರನ್ನು ಮೀರಿದರೆ, ಆರಂಭದ ದಿನಗಳಲ್ಲಿ ಯಾರು ಏನು ನುಡಿಸುತ್ತಿದ್ದಾರೆಂದು ಪ್ರತಿಯೊಬ್ಬರೂ ಗುರುತಿಸುವುದು ಕಷ್ಟವಾಗುತ್ತದೆ. ಪಿಟೀಲು, ಕೊಳಲು, ಸ್ಯಾಕ್ಸೊಫೋನ್, ಮೃದಂಗ ಹೀಗೆ ನಾದದ ಗುಣ ಬೇರೆಬೇರೆಯಾಗಿರುವ ವಾದ್ಯಗಳಿದ್ದರೆ ಕಿವಿಗೆ ಕೆಲಸ ಹಗುರವಾಗುತ್ತದೆ. ಲೋಕಲ್ ರೈಲಿನಲ್ಲಿ ಹೊತ್ತು ತರಬಹುದಾದ ವಾದ್ಯಗಳನ್ನೇ ಆರಿಸಿಕೊಳ್ಳಿ, ಭಾನುವಾರವಾದರೆ ಹಳಿಗಳ ದುರಸ್ತಿಗಾಗಿ ರೈಲುಗಳನ್ನು ತಡೆಯುವ ಮೆಗಾ ಬ್ಲಾಕ್ ಯಾವ ಮಾರ್ಗದಲ್ಲಿದೆಯೆಂದು ಹಿಂದಿನ ದಿನವೇ ನೋಡಿಕೊಳ್ಳಿ. ವಸತಿ ಪ್ರದೇಶದಲ್ಲಿ ಹಗಲಿನ ಶಬ್ದಮಿತಿ 55 ಡೆಸಿಬೆಲ್. ಸ್ಯಾಕ್ಸೊಫೋನ್ ಅದನ್ನು ಸುಲಭವಾಗಿ ಮೀರುವುದರಿಂದ ಕಿಟಕಿ ಮುಚ್ಚಿ, ಸೊಸೈಟಿಯ ವಿಶ್ರಾಂತಿಯ ವೇಳೆಯನ್ನು ಬಿಟ್ಟು, ನೆರೆಯವರಿಗೆ ಮೊದಲೇ ತಿಳಿಸಿ ಕೂಡುವುದು ಸರಿ.

ಮುಖಾಮುಖಿಯಾಗಿ ವೃತ್ತಾಕಾರದಲ್ಲಿ ಕುಳಿತುಕೊಳ್ಳಿ. ಧ್ವನಿವರ್ಧಕ ಬೇಡ. ಶ್ರುತಿಪೆಟ್ಟಿಗೆಯನ್ನೂ ನಿಲ್ಲಿಸಿಬಿಡಿ ಎಂದರೆ ಹಲವರು ಒಪ್ಪಲಾರರು, ಆದರೂ ಇದನ್ನು ನಾನು ಒತ್ತಿ ಹೇಳುತ್ತೇನೆ. ಷಡ್ಜ ನಿರಂತರವಾಗಿ ಕೇಳುತ್ತಿರುವವರೆಗೆ ನಮ್ಮ ಬೆರಳುಗಳು ಅಭ್ಯಾಸಬಲದಿಂದ ಯಾವುದಾದರೊಂದು ರಾಗದೊಳಕ್ಕೆ ಸರಿದುಹೋಗುತ್ತವೆ ಮತ್ತು ಆಮೇಲೆ ಉಳಿದವರೆಲ್ಲರೂ ಅದನ್ನು ಹಿಂಬಾಲಿಸುವ ಪಕ್ಕವಾದ್ಯದವರಾಗಿಬಿಡುತ್ತಾರೆ. ಮೃದಂಗದವರೂ ಹೀಗೆಯೇ ಕೆಲವು ದಿನ ತಾಳದ ಎಣಿಕೆಯನ್ನು ಬಿಟ್ಟು, ಚರ್ಮವನ್ನು ಉಜ್ಜುವುದರಿಂದ, ಅಂಚನ್ನು ಬೆರಳಿನಿಂದ ಒತ್ತುವುದರಿಂದ ಯಾವ ಯಾವ ನಾದ ಬರುತ್ತದೆಂದು ಹುಡುಕಲಿ. ಮಳೆಗಾಲದ ತೇವಕ್ಕೆ ಚರ್ಮ ಸಡಿಲಿ ಶ್ರುತಿ ಇಳಿದರೆ ಈ ಸಂಗೀತದಲ್ಲಿ ಅದನ್ನು ಹಾಗೆಯೇ ಬಳಸಿಕೊಳ್ಳಬಹುದು.

ಅಭ್ಯಾಸಕ್ಕೆ ಎರಡು ಪಾಠಗಳು ಬಹಳ ಉಪಯುಕ್ತ. ಎರಡೂ 1960ರ ದಶಕದಲ್ಲಿ ಲಂಡನ್ನಿನಲ್ಲಿ ಸ್ಪಾಂಟೇನಿಯಸ್ ಮ್ಯೂಸಿಕ್ ಎನ್‌ಸೆಂಬಲ್ ಎಂಬ ತಂಡವನ್ನು ಕಟ್ಟಿದ ಡ್ರಮ್ ವಾದಕ ಜಾನ್ ಸ್ಟೀವನ್ಸ್ ಬಳಸುತ್ತಿದ್ದವು. ಮೊದಲನೆಯದರಲ್ಲಿ ಪ್ರತಿಯೊಬ್ಬರೂ ಒಂದು ಉಸಿರು ಮುಗಿಯುವವರೆಗೆ ಒಂದೇ ಸ್ವರವನ್ನು ಮೆತ್ತಗೆ ಹಿಡಿಯಬೇಕು, ನಿಧಾನವಾಗಿ ಉಸಿರೆಳೆದುಕೊಂಡು ಮತ್ತೆ ಹಿಡಿಯಬೇಕು. ಪಿಟೀಲಿನವರೂ ತಮ್ಮ ಕಮಾನನ್ನು ಉಸಿರಿಗೆ ಹೊಂದಿಸಿಕೊಳ್ಳಬೇಕು. ಒಬ್ಬೊಬ್ಬರ ಉಸಿರಿನ ಉದ್ದ ಬೇರೆಯಾದ್ದರಿಂದ ಸ್ವರಗಳು ತಾವಾಗಿಯೇ ಒಂದರ ಮೇಲೊಂದು ಬಂದು ಸರಿಯುತ್ತವೆ, ಯಾರೂ ಯೋಜಿಸದಿದ್ದ ಸ್ವರಮೇಳಗಳು ಹುಟ್ಟುತ್ತವೆ. ಎರಡನೆಯ ಪಾಠ ಇದಕ್ಕೆ ವಿರುದ್ಧವಾದುದು: ವಾದ್ಯದಿಂದ ಸಾಧ್ಯವಾದಷ್ಟು ಕಡಿಮೆ ಹೊತ್ತು ಉಳಿಯುವ ನಾದವನ್ನು ಮಾತ್ರ ಹೊರಡಿಸಬೇಕು. ಆರಂಭದಲ್ಲಿ ಅದು ಚದುರಿದ ಸದ್ದಿನಂತೆ ಕೇಳಿದರೂ, ಕೆಲವು ನಿಮಿಷಗಳಲ್ಲಿ ಆ ಬಿಂದುಗಳ ನಡುವೆ ಎಲ್ಲರಿಗೂ ಸೇರಿದ ಒಂದು ಲಯ ಮೂಡತೊಡಗುತ್ತದೆ.

ಇವು ಕೈಗೆ ಬಂದ ಮೇಲೆ ಇಬ್ಬಿಬ್ಬರಾಗಿ ಮೂರು ನಿಮಿಷ ನುಡಿಸಿ, ಉಳಿದಿಬ್ಬರು ಸುಮ್ಮನೆ ಕೇಳಲಿ. ಅನಂತರವೇ ನಾಲ್ವರೂ ಕೂಡಿ ಏಳೆಂಟು ನಿಮಿಷದ ತುಣುಕಿಗೆ ಹೋಗಬೇಕು. ನುಡಿಸುತ್ತಿರುವಾಗ ನಿಮ್ಮ ಮುಂದೆ ಯಾವಾಗಲೂ ಕೆಲವು ದಾರಿಗಳಿರುತ್ತವೆ: ಇನ್ನೊಬ್ಬರ ನಾದಕ್ಕೆ ಆಸರೆಯಾಗುವುದು, ಅದಕ್ಕೆ ಎದುರಾದುದನ್ನು ಇಡುವುದು, ಅದನ್ನು ಗಮನಿಸುತ್ತಲೇ ನಿಮ್ಮ ಪಾಡಿಗೆ ಬೇರೆಯದನ್ನು ಮುಂದುವರಿಸುವುದು, ಇಲ್ಲವೇ ಸುಮ್ಮನಿರುವುದು. ಹೊಸಬರು ಕೊನೆಯದನ್ನು ಮರೆಯುತ್ತಾರೆ. ಇನ್ನೊಬ್ಬರು ನುಡಿಸಿದ್ದನ್ನೇ ಕೂಡಲೇ ಅನುಕರಿಸುವುದೂ, ಒಬ್ಬರು ಜೋರಾದೊಡನೆ ಎಲ್ಲರೂ ಜೋರಾಗುವುದೂ ತಂಡವನ್ನು ಬೇಗ ಬಡವಾಗಿಸುವ ಅಭ್ಯಾಸಗಳು. ಪಕ್ಕದವರ ವಾದ್ಯ ನಿಮಗೆ ಕೇಳಿಸುತ್ತಿಲ್ಲವೆಂದರೆ ನೀವು ಜೋರಾಗಿ ನುಡಿಸುತ್ತಿದ್ದೀರಿ ಎಂದೇ ತಿಳಿಯಿರಿ.

ಮುಂಬೈಯಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ನಡೆ ಪರಿಚಿತವೇ. ಅಲ್ಲಿ ಪ್ರಸಂಗದ ಪದ್ಯವಷ್ಟೇ ಗೊತ್ತಿರುತ್ತದೆ, ಮಾತು ಎದುರಿನ ಅರ್ಥಧಾರಿಯ ಮಾತಿನಿಂದ ಹುಟ್ಟಬೇಕು. ತನ್ನ ವಾದವನ್ನು ಗಟ್ಟಿಯಾಗಿ ಮಂಡಿಸುತ್ತಲೇ ಎದುರಿನವರ ಉತ್ತರಕ್ಕೂ ಎಡೆ ಮಾಡಿಕೊಡುವವನನ್ನೇ ಒಳ್ಳೆಯ ಅರ್ಥಧಾರಿ ಎನ್ನುತ್ತೇವೆ. ಮುಕ್ತ ವಾದನದಲ್ಲಿ ಆ ಪದ್ಯವೂ ಇರುವುದಿಲ್ಲ, ಹಾಗಾಗಿ ಎಡೆ ಮಾಡಿಕೊಡುವ ಹೊಣೆ ಇನ್ನಷ್ಟು ಹೆಚ್ಚುತ್ತದೆ.

ಆದರೆ ಮೊದಲೇ ಏನನ್ನೂ ಗೊತ್ತುಮಾಡಿಕೊಳ್ಳಲೇಬಾರದೆಂಬ ಹಟವೂ ಬೇಡ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ 1960ರ ಡಿಸೆಂಬರಿನಲ್ಲಿ ಇನ್ನೂ ಏಳು ವಾದಕರೊಂದಿಗೆ ಧ್ವನಿಮುದ್ರಿಸಿದ, ಈ ಪದ್ಧತಿಗೆ ಹೆಸರನ್ನೇ ಕೊಟ್ಟ ಸುಮಾರು 37 ನಿಮಿಷಗಳ ‘ಫ್ರೀ ಜಾಝ್’ನಲ್ಲೂ ಒಬ್ಬೊಬ್ಬರ ಸರದಿಗೆ ಮುನ್ನ ಮೊದಲೇ ರಚಿಸಿಟ್ಟ ಚಿಕ್ಕ ಭಾಗಗಳು ಬರುತ್ತವೆ. ಅದನ್ನು ಇಯರ್‌ಫೋನ್ ಹಾಕಿಕೊಂಡು ಕೇಳಬೇಕು: ನಾಲ್ವರ ಒಂದು ತಂಡ ಎಡಗಿವಿಯಲ್ಲೂ ಇನ್ನೊಂದು ತಂಡ ಬಲಗಿವಿಯಲ್ಲೂ ಇರುವುದರಿಂದ, ಒಮ್ಮೆ ಒಂದು ಕಡೆಯನ್ನಷ್ಟೇ ಕೇಳಿ, ಮತ್ತೊಮ್ಮೆ ಎರಡನ್ನೂ ಕೂಡಿಸಿ ಕೇಳಿದರೆ ಅದಕ್ಕಿಂತ ಒಳ್ಳೆಯ ಕಿವಿಯ ಸಾಧನೆ ನನಗೆ ಗೊತ್ತಿಲ್ಲ. ಮುಂದೆ ನಿಮ್ಮ ಗುಂಪು ಎಂಟು ಹತ್ತು ಜನಕ್ಕೆ ಬೆಳೆದರೆ, ಅಮೆರಿಕದ ಸಂಗೀತಗಾರ ಬುಚ್ ಮಾರಿಸ್ 1985ರಿಂದ ರೂಪಿಸಿದ ಕೈಸನ್ನೆಗಳ ಪದ್ಧತಿಯಂತೆ ಒಬ್ಬರು ಎದುರು ನಿಂತು, ಯಾರು ತೊಡಗಬೇಕು, ಯಾರು ನಿಲ್ಲಿಸಬೇಕು, ಯಾವುದನ್ನು ಮತ್ತೆ ನುಡಿಸಬೇಕೆಂದು ಸೂಚಿಸಬಹುದು.

ಮುಗಿಸುವುದೇ ಎಲ್ಲಕ್ಕಿಂತ ಕಠಿಣ. ನುಡಿಸಾಣಿಕೆ ತಾನಾಗಿ ಮುಗಿದ ಮೇಲೂ ಯಾರೋ ಒಬ್ಬರು ಭಯದಿಂದ ಮತ್ತೆ ಎತ್ತಿಕೊಂಡು ಅದನ್ನು ಎಳೆಯುತ್ತಾರೆ. ನಿಶ್ಶಬ್ದ ಬಂದಾಗ ಎರಡು ಉಸಿರಿನಷ್ಟು ಹೊತ್ತು ಕಾಯಿರಿ. ಹೊಸದಾಗಿ ಹೇಳಬೇಕಾದುದು ನಿಜವಾಗಿಯೂ ಇದ್ದರೆ ಮಾತ್ರ ಮುಂದುವರಿಸಿ. ಪ್ರತಿ ತುಣುಕನ್ನೂ ವೃತ್ತದ ನಡುವೆ ದಪ್ಪ ಬಟ್ಟೆಯ ಮೇಲೆ ಇರಿಸಿದ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಆದರೆ ಅಂದೇ ಕೇಳಬೇಡಿ. ಕೆಲವು ದಿನ ಕಳೆದು ಕೇಳುವಾಗ ನಿಮ್ಮ ವಾದ್ಯವನ್ನು ಬಿಟ್ಟು ಉಳಿದವರಲ್ಲಿ ಒಬ್ಬರನ್ನು ಮಾತ್ರ ಆರಂಭದಿಂದ ಕೊನೆಯವರೆಗೆ ಹಿಂಬಾಲಿಸಿ, ಅವರು ತೆರೆದ ಎಡೆಗಳಲ್ಲಿ ನೀವು ಏನು ಮಾಡಿದಿರಿ ಎಂಬುದನ್ನು ಬರೆದಿಟ್ಟುಕೊಂಡು ಮುಂದಿನ ಕೂಟಕ್ಕೆ ತನ್ನಿ.