ಬಿಪಿಗೂ ಪ್ರಾಸ್ಟೇಟಿಗೂ ಒಂದೇ ಮನೆತನದ ಮಾತ್ರೆ: ಆಲ್ಫಾ ಬ್ಲಾಕರ್ ತೆಗೆದುಕೊಳ್ಳುವ ಕ್ರಮ

ಬಿಪಿ ಡಾಕ್ಟರ ಚೀಟಿಯಲ್ಲಿ ಮಿನಿಪ್ರೆಸ್ ಎಕ್ಸ್‌ಎಲ್, ಮೂತ್ರದ ಡಾಕ್ಟರ ಚೀಟಿಯಲ್ಲಿ ಯೂರಿಮ್ಯಾಕ್ಸ್. ಹೆಸರು ಬೇರೆ, ಬರೆದವರು ಬೇರೆ, ಆದರೆ ಎರಡೂ ಒಂದೇ ಮನೆತನದವು. ಮೊದಲನೆಯದು ಪ್ರಾಜೋಸಿನ್, ಎರಡನೆಯದು ಟ್ಯಾಮ್ಸುಲೋಸಿನ್, ಎರಡೂ ಆಲ್ಫಾ ಬ್ಲಾಕರ್. ಒಬ್ಬ ಡಾಕ್ಟರಿಗೆ ಇನ್ನೊಬ್ಬರ ಚೀಟಿ ತೋರಿಸದಿದ್ದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದ್ದರಿಂದ ಮೊದಲು ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಬ್ರ್ಯಾಂಡ್ ಹೆಸರು ಬಿಟ್ಟು ಔಷಧದ ಹೆಸರು ಓದಿ. ಪ್ರಾಜೋಸಿನ್, ಟೆರಾಜೋಸಿನ್, ಡಾಕ್ಸಾಜೋಸಿನ್, ಆಲ್ಫುಜೋಸಿನ್, ಟ್ಯಾಮ್ಸುಲೋಸಿನ್, ಸೈಲೊಡೋಸಿನ್: ಎಲ್ಲದರ ಬಾಲವೂ ‘ಓಸಿನ್’. (‘ಮೈಸಿನ್’ ಎಂದು ಮುಗಿಯುವವು ಆಂಟಿಬಯೋಟಿಕ್, ಅವುಗಳ ಸಂಬಂಧ ಇಲ್ಲಿಲ್ಲ.) ಇವುಗಳಲ್ಲಿ ಎರಡು ಸಿಕ್ಕರೆ ಹೊಸದನ್ನು ಶುರು ಮಾಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ಆಗಲೇ ಎರಡನ್ನೂ ನುಂಗುತ್ತಿದ್ದರೆ ನೀವಾಗಿ ಒಂದನ್ನು ಬಿಡಬೇಡಿ, ಎರಡೂ ಚೀಟಿ ಹಿಡಿದು ತಡಮಾಡದೆ ಹೋಗಿ ಕೇಳಿ. ಕಾರ್ವೆಡಿಲಾಲ್, ಲ್ಯಾಬೆಟಲಾಲ್ ಎಂಬ ಬಿಪಿ ಮಾತ್ರೆಗಳಿಗೂ ಸ್ವಲ್ಪ ಆಲ್ಫಾ ಗುಣವಿದೆ, ಅವನ್ನೂ ಹೇಳಿ.

ನಿಂತಾಗಲೇ ಏಕೆ ತೊಂದರೆ

ಎದ್ದು ನಿಂತ ಕ್ಷಣ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಆಗ ರಕ್ತನಾಳಗಳು ಬಿಗಿಯಾಗಿ ಅದನ್ನು ತಲೆಯ ಕಡೆ ತಳ್ಳಬೇಕು. ಆ ‘ಬಿಗಿಯಾಗು’ ಎಂಬ ಸಂದೇಶ ತಲುಪುವುದು ಆಲ್ಫಾ ಗ್ರಾಹಕಗಳ ಮೂಲಕ. ಮಾತ್ರೆ ಅದನ್ನೇ ತಡೆಯುತ್ತದೆ. ಮೂತ್ರಕೋಶದ ಕುತ್ತಿಗೆಯಲ್ಲೂ ಪ್ರಾಸ್ಟೇಟಿನಲ್ಲೂ ಇರುವ ಸ್ನಾಯುವಿಗೆ ಇದೇ ತಡೆ ಬಿದ್ದಾಗ ದಾರಿ ಸಡಿಲವಾಗಿ ಮೂತ್ರ ಸಲೀಸಾಗಿ ಬರುತ್ತದೆ. ಗ್ರಂಥಿಯೇನೂ ಚಿಕ್ಕದಾಗುವುದಿಲ್ಲ. ಟ್ಯಾಮ್ಸುಲೋಸಿನ್, ಸೈಲೊಡೋಸಿನ್ ಹೆಚ್ಚಾಗಿ ಪ್ರಾಸ್ಟೇಟಿನ ಮೇಲೆಯೇ ಕೆಲಸ ಮಾಡುವುದರಿಂದ ಬಿಪಿ ಇಳಿಸುವುದು ಕಡಿಮೆ. ‘ಇದು ಬಿಪಿಗೂ ಆಗುತ್ತದಂತೆ’ ಎಂದು ಅಮ್ಲೋಡಿಪಿನ್‌ನಂಥ ಬಿಪಿ ಮಾತ್ರೆ ನಿಲ್ಲಿಸುವವರಿದ್ದಾರೆ. ಅದು ತಪ್ಪು ಲೆಕ್ಕ. ಬಿಪಿಗೆಂದೇ ಕೊಡುವ ಆಲ್ಫಾ ಬ್ಲಾಕರ್ ಕೂಡ ಈಗ ಮೊದಲ ಸಾಲಿನ ಮಾತ್ರೆಯಲ್ಲ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಡಾಕ್ಸಾಜೋಸಿನ್ ಗುಂಪಿನವರಿಗೆ ಹೃದಯ ವೈಫಲ್ಯ ಹೆಚ್ಚಾಗಿ ಕಂಡದ್ದರಿಂದ 2000ದಲ್ಲಿ ಆ ಭಾಗವನ್ನೇ ನಿಲ್ಲಿಸಿದರು.

ಮೊದಲ ರಾತ್ರಿ

ಪ್ರಾಜೋಸಿನ್, ಟೆರಾಜೋಸಿನ್, ಡಾಕ್ಸಾಜೋಸಿನ್‌ಗಳ ಮೊದಲ ಡೋಸ್ ಚಿಕ್ಕದಿರಬೇಕು. ಸಾಧಾರಣ ಮಾತ್ರೆಯಾದರೆ ರೂಢಿಯಲ್ಲಿ 1 ಮಿ.ಗ್ರಾಂ, ಅದೂ ಮಲಗುವ ಹೊತ್ತಿಗೆ. ನಿಧಾನವಾಗಿ ಕರಗುವ ಪ್ರಾಜೋಸಿನ್ ಎಕ್ಸ್‌ಎಲ್ ಆದರೆ 2.5 ಮಿ.ಗ್ರಾಂ. ಪ್ರಾಜೋಸಿನ್ ನುಂಗಿ ಅರ್ಧದಿಂದ ಒಂದೂವರೆ ಗಂಟೆಯೊಳಗೆ ಎದ್ದು ಓಡಾಡಿದವರು ಕುಸಿದು ಬೀಳುವುದುಂಟು. ಹಾಗಾಗಿ ಮೊದಲು ಶೌಚಕ್ಕೆ ಹೋಗಿ ಬನ್ನಿ, ಬಾಗಿಲು ಹಾಕಿದ್ದಾಯಿತೇ, ಗ್ಯಾಸ್ ಆರಿಸಿದ್ದಾಯಿತೇ ನೋಡಿ, ಹಾಸಿಗೆಯ ಮೇಲೆ ಕುಳಿತ ಮೇಲೆಯೇ ಮಾತ್ರೆ ಬಾಯಿಗೆ ಹಾಕಿ. ಮಾತ್ರೆ ಶುರುವಾದಾಗಲೂ ಡೋಸ್ ಏರಿಸಿದಾಗಲೂ ಒಂದು ದಿನ ಸ್ಕೂಟರ್, ಏಣಿ, ಟ್ರ್ಯಾಕ್ಟರ್ ಬೇಡ.

ರಾತ್ರಿ ಎಚ್ಚರವಾದರೆ: ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಆಮೇಲೆ ಏನನ್ನಾದರೂ ಹಿಡಿದು ಏಳಿ. ನಿಂತು ಮೂತ್ರ ಮಾಡಬೇಡಿ, ಕಮೋಡಿನ ಮೇಲೆ ಕೂರಿ. ಮೂತ್ರ ಖಾಲಿಯಾಗುವಾಗಲೇ ಬಿಪಿ ತುಸು ಇಳಿಯುತ್ತದೆ. ಭಾರತೀಯ ಶೈಲಿಯ ಕಕ್ಕಸು ಇದ್ದರೆ ಕುಕ್ಕರಗಾಲಿನಿಂದ ಒಮ್ಮೆಗೇ ಮೇಲೇಳುವುದೇ ಅತ್ಯಂತ ಅಪಾಯದ ಗಳಿಗೆ. ಅಲ್ಲಿ ಗೋಡೆಗೆ ಒಂದು ಹಿಡಿ ಹಾಕಿಸುವ ಖರ್ಚು ಸೊಂಟದ ಮೂಳೆಯ ಆಪರೇಷನ್ನಿನ ಮುಂದೆ ಏನೂ ಅಲ್ಲ. ನೆಲದ ಊಟ, ಸಾಷ್ಟಾಂಗ ನಮಸ್ಕಾರ, ಹಬ್ಬದ ಎಣ್ಣೆಸ್ನಾನದ ಸುಡುನೀರು, ಇವೆಲ್ಲ ಆದ ಮೇಲೆ ಏಳುವಾಗಲೂ ಇದೇ ನಿಧಾನ ಬೇಕು.

ಕಣ್ಣು ಕತ್ತಲೆ ಬಂತೇ? ಹಾಸಿಗೆಯವರೆಗೆ ಹೋಗಿಬಿಡುತ್ತೇನೆ ಎನ್ನಬೇಡಿ. ಇದ್ದಲ್ಲೇ ನೆಲದ ಮೇಲೆ ಮಲಗಿ, ಕಾಲನ್ನು ದಿಂಬಿನ ಮೇಲೋ ಕುರ್ಚಿಯ ಮೇಲೋ ಎತ್ತಿಡಿ.

ಮನೆಯಲ್ಲಿ ಬಿಪಿ ಮಿಷನ್ ಇದ್ದರೆ ಹೀಗೆ ಅಳೆಯಿರಿ: 5 ನಿಮಿಷ ಮಲಗಿ ಒಮ್ಮೆ, ನಿಂತು 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಇನ್ನೊಮ್ಮೆ. ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟದಲ್ಲಿರಲಿ. ಮಲಗಿದಾಗ 138/84 ಇದ್ದದ್ದು ನಿಂತಾಗ 112/76 ಆದರೆ ಮೇಲಿನ ಸಂಖ್ಯೆ 26 ಇಳಿಯಿತು. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ತಲೆಸುತ್ತು ಇಲ್ಲದಿದ್ದರೂ ಡಾಕ್ಟರಿಗೆ ತಿಳಿಸಬೇಕು. ಕುಳಿತು ಮಾತ್ರ ಅಳೆದರೆ ಇದು ಗೊತ್ತೇ ಆಗುವುದಿಲ್ಲ.

ಊಟ ಮತ್ತು ಉಪವಾಸ

ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ ಕ್ಯಾಪ್ಸೂಲನ್ನು ದಿನವೂ ಅದೇ ಊಟವಾದ ಅರ್ಧ ಗಂಟೆಗೆ ನುಂಗಬೇಕು. ಬರಿ ಹೊಟ್ಟೆಯಲ್ಲಿ ನುಂಗಿದರೆ ರಕ್ತದಲ್ಲಿ ಅದರ ಗರಿಷ್ಠ ಮಟ್ಟ 40ರಿಂದ 70 ಶೇಕಡಾ ಮೇಲೇರುತ್ತದೆ, ತಲೆ ತಿರುಗುತ್ತದೆ. ಆಲ್ಫುಜೋಸಿನ್ 10 ಮಿ.ಗ್ರಾಂ ಇದಕ್ಕೆ ತದ್ವಿರುದ್ಧ: ಬರಿ ಹೊಟ್ಟೆಯಲ್ಲಿ ಅರ್ಧದಷ್ಟೇ ಹೀರಿಕೊಳ್ಳುತ್ತದೆ, ಮಾತ್ರೆ ನುಂಗಿಯೂ ಉಪಯೋಗವಿಲ್ಲ. ಸೈಲೊಡೋಸಿನ್ 8 ಮಿ.ಗ್ರಾಂ ಊಟದ ಜೊತೆಗೆ. ಕಿಡ್ನಿಯ ಕೆಲಸ ಮಧ್ಯಮ ಮಟ್ಟಿಗೆ ಕುಗ್ಗಿದ್ದರೆ ಡೋಸ್ 4 ಮಿ.ಗ್ರಾಂಗೆ ಇಳಿಯುತ್ತದೆ, ತೀರಾ ಕುಗ್ಗಿದ್ದರೆ ಕೊಡುವುದೇ ಇಲ್ಲ. ಏಕಾದಶಿ, ರಂಜಾನ್ ಉಪವಾಸ ಮಾಡುವವರು ಯಾವ ಊಟದ ಮೇಲೆ ನುಂಗಬೇಕೆಂದು ಮುಂಚೆಯೇ ಕೇಳಿಟ್ಟುಕೊಳ್ಳಿ.

ಕ್ಯಾಪ್ಸೂಲ್ ಬಿಡಿಸಿ ಅನ್ನದಲ್ಲಿ ಕಲಸುವುದು, ಎಕ್ಸ್‌ಎಲ್ ಮಾತ್ರೆ ಅರ್ಧ ಮಾಡುವುದು ಬೇಡ, ದಿನವಿಡೀ ಬರಬೇಕಾದದ್ದು ಒಮ್ಮೆಗೇ ಬಂದುಬಿಡುತ್ತದೆ. ಕೆಲವು ಎಕ್ಸ್‌ಎಲ್ ಮಾತ್ರೆಗಳ ಖಾಲಿ ಚಿಪ್ಪು ಮಲದಲ್ಲಿ ಇಡಿಯಾಗಿಯೇ ಕಾಣಿಸುತ್ತದೆ. ಔಷಧ ಒಳಗೇ ಇಳಿದಿರುತ್ತದೆ, ಇನ್ನೊಂದು ನುಂಗಬೇಡಿ.

ಬಿಟ್ಟು ಮತ್ತೆ ಹಿಡಿಯುವಾಗ

ಒಂದು ಹೊತ್ತು ಮರೆತರೆ ದೊಡ್ಡದಲ್ಲ, ಮರುದಿನ ಎರಡು ನುಂಗದಿದ್ದರೆ ಸಾಕು. ಊರಿಗೆ ಹೋದಾಗ ಸ್ಟ್ರಿಪ್ ಮರೆತು ನಾಲ್ಕೈದು ದಿನ ತಪ್ಪಿತೆನ್ನಿ, ಕಥೆ ಬೇರೆ. ಅಷ್ಟರಲ್ಲಿ ದೇಹದ ರೂಢಿ ತಪ್ಪಿರುತ್ತದೆ. ಮೊದಲು 5 ಮಿ.ಗ್ರಾಂ ಟೆರಾಜೋಸಿನ್ ಅರಗಿಸಿಕೊಂಡವರೇ ಈಗ ಅದೇ 5ಕ್ಕೆ ಬೀಳಬಹುದು. ಮತ್ತೆ 1ರಿಂದ, ಮಲಗುವ ಹೊತ್ತಿಗೆ, ಡಾಕ್ಟರನ್ನು ಕೇಳಿಯೇ ಶುರು. ಟ್ಯಾಮ್ಸುಲೋಸಿನ್ 0.8 ತೆಗೆದುಕೊಳ್ಳುತ್ತಿದ್ದವರೂ ಮತ್ತೆ 0.4ರಿಂದ. ವಾಂತಿ ಭೇದಿಯಾಗಿ ಮೈ ಒಣಗಿದ ದಿನ, ಅದರಲ್ಲೂ ನೀರಿಳಿಸುವ ಮಾತ್ರೆಯೂ ಜೊತೆಗಿದ್ದರೆ, ನುಂಗುವ ಮುಂಚೆ ಫೋನ್ ಮಾಡಿ. ರಾತ್ರಿ ಏಳಬೇಕಲ್ಲ ಎಂದು ಇಡೀ ದಿನ ನೀರು ಕುಡಿಯದಿರುವುದೂ ಬಿಪಿ ಇಳಿಸುತ್ತದೆ. ಮಲಗುವ ಮುಂಚಿನ ಎರಡು ಮೂರು ಗಂಟೆ ಕಡಿಮೆ ಮಾಡಿದರೆ ಸಾಕು.

ಮೆಡಿಕಲ್ ಶಾಪಿನಲ್ಲಿ ಬಾಯಿಬಿಟ್ಟು ಹೇಳಬೇಕಾದ್ದು

ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್ ಸೈಲೊಡೋಸಿನ್, ಆಲ್ಫುಜೋಸಿನ್‌ಗಳ ಜೊತೆ ಕೂಡದು, ಟ್ಯಾಮ್ಸುಲೋಸಿನ್ ಜೊತೆಗೂ ಬೇಡ. ಲಿವರ್ ಅವನ್ನು ಕರಗಿಸದಂತೆ ಅದು ತಡೆಯುವುದರಿಂದ ಔಷಧ ರಕ್ತದಲ್ಲಿ ಶೇಖರವಾಗುತ್ತದೆ. ನಿಮಿರುವಿಕೆಗೆಂದು ನುಂಗುವ ಸಿಲ್ಡೆನಾಫಿಲ್ ಜಾತಿಯ ಮಾತ್ರೆಗಳು ಬಿಪಿಯನ್ನು ಇನ್ನೂ ತಗ್ಗಿಸುತ್ತವೆ. ಆಲ್ಫಾ ಬ್ಲಾಕರ್‌ಗೆ ಮೈ ಒಗ್ಗಿದ ಮೇಲಷ್ಟೇ ಅವನ್ನು ಶುರು ಮಾಡಬೇಕು, ಸಿಲ್ಡೆನಾಫಿಲ್ ಆದರೆ 25 ಮಿ.ಗ್ರಾಂನಿಂದ, ಅದೂ ಡಾಕ್ಟರಿಗೆ ಹೇಳಿ. ಸಂಕೋಚಪಟ್ಟು ಮುಚ್ಚಿಡುವವರೇ ಇಲ್ಲಿ ಬೀಳುವವರು. ನೆಗಡಿ ಮಾತ್ರೆಗಳಲ್ಲಿರುವ ಫಿನೈಲ್‌ಎಫ್ರಿನ್, ಕ್ಲೋರ್‌ಫೆನಿರಮಿನ್ ಮೂತ್ರವನ್ನೇ ಕಟ್ಟಿಬಿಡಬಲ್ಲವು.

ಪ್ರಾಸ್ಟೇಟಿನ ಮಾತ್ರೆಯ ಹೆಸರಿನ ಕೊನೆಗೆ ‘ಡಿ’ ಇದ್ದರೆ ಸಾಮಾನ್ಯವಾಗಿ ಗ್ರಂಥಿಯನ್ನು ಕುಗ್ಗಿಸುವ ಡ್ಯುಟಾಸ್ಟರೈಡ್ ಸೇರಿದೆ ಎಂದರ್ಥ. ಅದು ಪಿಎಸ್‌ಎ (ಪ್ರಾಸ್ಟೇಟಿನ ರಕ್ತಪರೀಕ್ಷೆ) ಫಲಿತಾಂಶವನ್ನು ಸುಮಾರು ಅರ್ಧಕ್ಕಿಳಿಸುತ್ತದೆ, ಪರೀಕ್ಷೆ ನೋಡುವವರಿಗೆ ಹೇಳಿ. ಸೋರುವ ಕ್ಯಾಪ್ಸೂಲನ್ನು ಬಸುರಿಯರು ಮುಟ್ಟಬಾರದು.

ಮೂಗು ಕಟ್ಟುವುದು, ಸುಸ್ತು ಸಾಮಾನ್ಯ. ವೀರ್ಯ ಕಡಿಮೆಯಾಗುವುದು, ಬಾರದೇ ಇರುವುದು ಸೈಲೊಡೋಸಿನ್‌ನಲ್ಲಿ ಹೆಚ್ಚು. ಅಪಾಯವಿಲ್ಲ, ಮಕ್ಕಳ ಯೋಚನೆಯಿದ್ದರೆ ಮಾತ್ರ ತಿಳಿಸಿ. ಬಿಪಿಗೆಂದು ಪ್ರಾಜೋಸಿನ್ ನುಂಗುವ ಹೆಂಗಸರಿಗೆ ಕೆಮ್ಮಿದಾಗ ಮೂತ್ರ ಜಿನುಗಿದರೆ ವಯಸ್ಸಾಯಿತೆಂದು ಸುಮ್ಮನಿರಬೇಡಿ, ಮಾತ್ರೆಯದೇ ಕೆಲಸವಿರಬಹುದು. ಪ್ರಜ್ಞೆ ತಪ್ಪಿ ತಲೆಗೆ ಪೆಟ್ಟಾದರೆ, ಎದೆನೋವು ಬಂದರೆ, ಮೂತ್ರ ಪೂರ್ತಿ ಕಟ್ಟಿದರೆ, ನಿಮಿರುವಿಕೆ 4 ಗಂಟೆ ದಾಟಿದರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೋಗಿ. 108 ಇದ್ದೇ ಇದೆ.

ಇನ್ನು ಕಣ್ಣಿನ ಪೊರೆ. ಈ ಮಾತ್ರೆಗಳು, ಎಲ್ಲಕ್ಕಿಂತ ಟ್ಯಾಮ್ಸುಲೋಸಿನ್, ಕಣ್ಣಿನ ಪಾಪೆಯ ಸುತ್ತಲಿನ ಸ್ನಾಯುವನ್ನೂ ಸಡಿಲಿಸುತ್ತವೆ. ಆಪರೇಷನ್ ನಡುವೆ ಪಾಪೆ ಕಿರಿದಾಗಿ, ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಒದ್ದೆ ಬಟ್ಟೆಯಂತೆ ಅಲುಗಾಡುತ್ತದೆ. ಇದನ್ನು ವೈದ್ಯರು ಗುರುತಿಸಿ ಹೆಸರಿಟ್ಟದ್ದು 2005ರಲ್ಲಿ. ಮೊದಲೇ ಗೊತ್ತಿದ್ದರೆ ಸರ್ಜನ್ ಸಿದ್ಧರಾಗಿ ಬರುತ್ತಾರೆ, ಗೊತ್ತಿಲ್ಲದಿದ್ದರೆ ಕಷ್ಟ. ನಾಲ್ಕು ದಿನ ಮುಂಚೆ ಮಾತ್ರೆ ನಿಲ್ಲಿಸಿ ಪ್ರಯೋಜನವಿಲ್ಲ, ನಿಲ್ಲಿಸಿ ಬಹಳ ದಿನವಾದವರಲ್ಲೂ ಹೀಗಾದದ್ದುಂಟು. ಪೊರೆಯ ಶಿಬಿರಕ್ಕೆ ಹೋದರೂ ‘ಈಗ ಯಾವ ಮಾತ್ರೆ?’ ಎಂಬುದಕ್ಕಷ್ಟೇ ಉತ್ತರಿಸಿ ಸುಮ್ಮನಾಗದೆ, ಹಿಂದೆ ನುಂಗಿ ಬಿಟ್ಟದ್ದನ್ನೂ ಬರೆಸಿ. ಹಳೆಯ ಸ್ಟ್ರಿಪ್ ಸಿಕ್ಕರೆ ಜೇಬಿನಲ್ಲಿಟ್ಟುಕೊಂಡು ಹೋಗಿ.