ಪ್ಯಾಕೆಟ್ಟಿನ ಹಿಂಬದಿ ಓದಿ ಸ್ವದೇಶಿ ಸಾಮಾನು ತಂದದ್ದು

ಸ್ವದೇಶಿ ಅಂದ ಕೂಡಲೇ ಎಲ್ಲರ ಕೈ ಹೋಗುವುದು ಬಚ್ಚಲುಮನೆಗೆ. ಆ ಸೋಪು ಬಿಡಿ, ಈ ಪೇಸ್ಟು ಹಿಡಿಯಿರಿ ಅಂತ ವಾಟ್ಸಾಪಿನಲ್ಲಿ ಉದ್ದುದ್ದ ಪಟ್ಟಿಗಳು ಓಡಾಡುತ್ತವೆ. ದಾವಣಗೆರೆಯ ನಮ್ಮ ಮನೆಯಲ್ಲಿ ತಿಂಗಳ ಸಾಮಾನಿನ ಚೀಟಿ ಬರೆಯುವವಳು ನಾನು. ಆ ಪಟ್ಟಿಗಳನ್ನು ಪಕ್ಕಕ್ಕಿಟ್ಟು, ಮನೆಯಲ್ಲಿದ್ದ ಪೊಟ್ಟಣ, ಡಬ್ಬಿ, ಬಾಟಲಿಗಳನ್ನೆಲ್ಲ ಪಡಸಾಲೆಯಲ್ಲಿ ಹರವಿಕೊಂಡು ಒಂದೊಂದರ ಹಿಂಬದಿ ಓದುತ್ತಾ ಹೋದೆ. ಕನ್ನಡಕ ಬೇಕಾಯಿತು, ಅಷ್ಟು ಸಣ್ಣ ಅಕ್ಷರ.

ಉಪ್ಪು, ಸಕ್ಕರೆ, ಚಹಾಪುಡಿ, ಬೆಂಕಿಪೊಟ್ಟಣ ಮೊದಲಿಂದಲೂ ನಮ್ಮ ದೇಶದವೇ. ಹಾಲು ನಂದಿನಿ. ಅಕ್ಕಿ ಭದ್ರಾ ನಾಲೆಯ ನೀರು ಕುಡಿದು ಬೆಳೆದದ್ದು. ವಿದೇಶಿ ಕಂಪನಿಯದು ಅಂತ ಬೈಸಿಕೊಳ್ಳುವ ಸೋಪು, ಪೇಸ್ಟುಗಳ ಮೇಲೂ ಗೋವಾ, ಗುಜರಾತು, ಹಿಮಾಚಲದ ಕಾರ್ಖಾನೆಗಳ ವಿಳಾಸ ಇತ್ತು. ಅಲ್ಲಿಗೆ ಪ್ರಶ್ನೆ ಎರಡಾಯಿತು: ಸಾಮಾನು ತಯಾರಾದದ್ದು ಎಲ್ಲಿ, ಲಾಭ ಹೋಗುವುದು ಎಲ್ಲಿಗೆ? ಎರಡನೆಯದರ ಹಿಂದೆ ಬಿದ್ದರೆ ದಾರಿ ತಪ್ಪುತ್ತದೆ. ನಮ್ಮದೇ ಅಂತ ಕುಡಿದ ಥಮ್ಸ್ ಅಪ್ 1993ರಲ್ಲೇ ಕೋಕಾ ಕೋಲಾ ಪಾಲಾಯಿತು. ಷೇರು ಇವತ್ತು ಒಬ್ಬರ ಕೈಲಿ, ನಾಳೆ ಇನ್ನೊಬ್ಬರ ಕೈಲಿ. ಹಾಗಾಗಿ ನಾನು ಮೊದಲನೆಯದನ್ನು ಹಿಡಿದೆ. ಇಲ್ಲಿ ತಯಾರಾಗಬೇಕು, ಇಲ್ಲಿನವರಿಗೆ ಕೂಲಿ ಸಿಗಬೇಕು. ಎರಡೂ ಕೂಡಿ ಬಂದರೆ ಸಂತೋಷ. ಮೈಸೂರು ಸ್ಯಾಂಡಲ್ ಅಂಥದ್ದು. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಹುಟ್ಟಿದ ಉದ್ಯಮ, ಈಗಲೂ ಸರ್ಕಾರದ ಒಡೆತನದ್ದು.

ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದಲ್ಲಿ ತಯಾರಾದದ್ದು ಎಂಬ ಮೆಸೇಜು ನಿಮಗೂ ಬಂದಿರುತ್ತದೆ. ಅದನ್ನು ನಂಬಬೇಡಿ. ಆ ನಂಬರು ಕೊಟ್ಟದ್ದು ಲೋಕಕ್ಕೆಲ್ಲ ಬಾರ್‌ಕೋಡ್ ನಂಬರು ಹಂಚುವ ಜಿಎಸ್1 ಸಂಸ್ಥೆಯ ಭಾರತದ ಶಾಖೆ ಅಂತಷ್ಟೇ ಅದರ ಅರ್ಥ. ಹೊರದೇಶದಿಂದ ತರಿಸಿ ಮಾರುವ ಇಲ್ಲಿನ ಕಂಪನಿಯೂ 890 ಹಾಕಿಕೊಳ್ಳಬಹುದು. ನೋಡಬೇಕಾದ್ದು ತಯಾರಕರ ವಿಳಾಸ. ಆಮದಾಗಿದ್ದರೆ ಮೂಲ ದೇಶದ ಹೆಸರು, ಆಮದುದಾರರ ವಿಳಾಸ ಹಾಕಲೇಬೇಕು, ಅದು ಕಾನೂನು. ಬರೇ 'ಮಾರ್ಕೆಟೆಡ್ ಬೈ' ಅಂತ ದೊಡ್ಡದಾಗಿ ಕಂಡರೆ ಪ್ಯಾಕೆಟ್ಟನ್ನು ಇನ್ನೊಂದು ಸಲ ತಿರುಗಿಸಿ. ಮಂಡಿಪೇಟೆಯ ಕಡೆ ಸಿಗುವ ನೇಲ್ ಕಟರ್, ಬಾಚಣಿಗೆ, ಹುಡುಗರ ಬಣ್ಣಬಣ್ಣದ ರಬ್ಬರುಗಳ ಮೇಲೆ ಬೆರಳಗಲದ ಬಿಳಿ ಸ್ಟಿಕ್ಕರ್ ಅಂಟಿಸಿರುತ್ತಾರಲ್ಲ, ಗುಟ್ಟು ಇರುವುದು ಅದರಲ್ಲೇ.

ಹರವಿದ ರಾಶಿಯಲ್ಲಿ ಹೊರದೇಶದ ಪಾಲು ಎಲ್ಲಕ್ಕಿಂತ ಹೆಚ್ಚಿದ್ದದ್ದು ಅಡುಗೆ ಎಣ್ಣೆಯಲ್ಲಿ. ಪ್ಯಾಕೆಟ್ಟಿನ ಮೇಲೆ ನಮ್ಮದೇ ಬ್ರ್ಯಾಂಡು, ತುಂಬಿಸಿದ್ದೂ ಇಲ್ಲೇ. ಒಳಗಿನ ಎಣ್ಣೆಯ ಊರು ಯಾವುದೆಂದು ಮಾತ್ರ ಬರೆದಿರಲಿಲ್ಲ. ದೇಶ ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು. ಪಾಮ್ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ ಬರುತ್ತದೆ. ಸೂರ್ಯಕಾಂತಿ ಎಣ್ಣೆಗೆ ಉಕ್ರೇನ್, ರಷ್ಯಾ ಕಡೆ ಕೈ ಚಾಚಬೇಕು. 2022ರಲ್ಲಿ ಅಲ್ಲಿ ಯುದ್ಧ ಹತ್ತಿದಾಗ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ರೇಟು ಏರಿತು. ಅದೇ ಏಪ್ರಿಲ್‌ನಲ್ಲಿ ಇಂಡೋನೇಷ್ಯಾ ಕೆಲವು ವಾರ ಪಾಮ್ ಎಣ್ಣೆ ರಫ್ತನ್ನೇ ನಿಲ್ಲಿಸಿತು. ಸೂರ್ಯಕಾಂತಿಯನ್ನು ದೇಶದಲ್ಲೇ ಹೆಚ್ಚು ಬೆಳೆಯುವ ರಾಜ್ಯ ನಮ್ಮದು ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನು ನಮ್ಮ ಮಗ್ಗುಲಲ್ಲೇ ಚಳ್ಳಕೆರೆ ಇದೆ. ಎಣ್ಣೆ ಮಿಲ್ಲುಗಳ ಊರು, ಹಿಂದೆ ಎರಡನೇ ಬೊಂಬಾಯಿ ಅಂತ ಕರೆಸಿಕೊಂಡದ್ದು. ಮಳೆ ಕೈಕೊಟ್ಟು, ಅಗ್ಗದ ಪಾಮ್ ಎಣ್ಣೆ ನುಗ್ಗಿ ಎಷ್ಟೋ ಮಿಲ್ಲು ಬಾಗಿಲು ಹಾಕಿದವು. ನನ್ನ ಗಂಡನ ಊರು ಅದೇ ತಾಲ್ಲೂಕಿನದು, ನೆಂಟರ ಹೊಲದಲ್ಲಿ ಈಗಲೂ ಶೇಂಗಾ ಬಿತ್ತುತ್ತಾರೆ. ಸೋಪಿನ ಚಿಂತೆ ಬಿಟ್ಟು ಎಣ್ಣೆಯನ್ನೇ ಮೊದಲು ಬದಲಿಸಿದೆ.

ಮಾಡುವ ಕ್ರಮ ಹೀಗೆ. ಒಕ್ಕಣೆ ಮುಗಿದ ಮೇಲೆ ಸುಲಿದ ಶೇಂಗಾ ಬೀಜವನ್ನೇ ತರಿಸುತ್ತೇನೆ. ಮೊರಕ್ಕೆ ಹಾಕಿ ಮುರುಟಿದ್ದು, ಕಪ್ಪಾದದ್ದು, ಬೂಸ್ಟು ಹಿಡಿದದ್ದನ್ನು ಕೂತು ಆರಿಸಬೇಕು. ಬೇಜಾರಿನ ಕೆಲಸ ನಿಜ, ಬಿಡುವ ಹಾಗಿಲ್ಲ. ಬೂಸ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ರಿಫೈನ್ ಮಾಡುವಾಗ ಅದು ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಉಳಿದುಬಿಡುತ್ತದೆ. 'ಗಾಣದ್ದು ಅಂದರೆ ಶುದ್ಧ' ಅಂತ ಕಣ್ಣು ಮುಚ್ಚಿ ಕೊಳ್ಳುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಆರಿಸಿದ್ದನ್ನು ಬಿಸಿಲಿಗೆ ಹಾಕಿ, ಬೀಜ ಕಟುಂ ಅನ್ನುವ ಹದಕ್ಕೆ ಬಂದ ಮೇಲೆ ಮರದ ಗಾಣಕ್ಕೆ ಒಯ್ಯುತ್ತೇನೆ. ಈಗ ಎತ್ತಿನ ಬದಲು ಮೋಟರು. ಗಾಣದವರು ನಡುನಡುವೆ ಸ್ವಲ್ಪ ನೀರು ಚಿಮುಕಿಸುತ್ತಾರೆ. ಮೊದಲು ಬೀಜ ಪುಡಿಯಾಗುತ್ತದೆ, ಆಮೇಲೆ ಮುದ್ದೆಯಾಗಿ ಒನಕೆಗೆ ಸುತ್ತಿಕೊಳ್ಳುತ್ತದೆ, ಕೊನೆಗೆ ಅಂಚಿನಿಂದ ಹೊಂಬಣ್ಣದ ಎಣ್ಣೆ ಜಿನುಗುತ್ತದೆ. ಒಂದು ಲೀಟರಿಗೆ ಹೆಚ್ಚುಕಮ್ಮಿ ಎರಡೂವರೆ ಕೆಜಿ ಬೀಜ ಬೇಕು. ಹಿಂಡಿಯನ್ನು ಎದುರುಮನೆಯವರ ಎಮ್ಮೆಗೆ ಕೊಡುತ್ತೇನೆ. ಎಣ್ಣೆಯನ್ನು ಸ್ಟೀಲ್ ಪಾತ್ರೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಅಲುಗಾಡಿಸದೆ ಬಿಟ್ಟರೆ ಗಸಿ ತಳ ಸೇರುತ್ತದೆ. ಆ ಗಸಿಯನ್ನು ಚಟ್ನಿಪುಡಿಗೆ ಕಲಸಿ ರೊಟ್ಟಿಗೆ ಹಚ್ಚಿಕೊಂಡು ನೋಡಿ, ಮುಂದಿನ ಸಲ ಎಣ್ಣೆ ಬಸಿಯುವವರೆಗೆ ಕಾಯುತ್ತೀರಿ.

ಖರ್ಚಿನ ಮಾತು ಮುಚ್ಚಿಡುವುದಿಲ್ಲ. ರಿಫೈಂಡ್ ಸೂರ್ಯಕಾಂತಿ ಎಣ್ಣೆಗೆ ಹೋಲಿಸಿದರೆ ಇದು ಎರಡು ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ. ಕರಿಯುವುದನ್ನು ಕಮ್ಮಿ ಮಾಡಿ ಲೆಕ್ಕ ಸರಿದೂಗಿಸಿದೆ. ಮೆಣಸಿನಕಾಯಿ ಬಜ್ಜಿ ಬೇಕೆಂದವರು ಸಂಜೆ ಗಾಡಿ ಹತ್ತಿರ ಹೋಗಲಿ. ಆ ಬಾಣಲೆಯ ಎಣ್ಣೆ ಯಾವ ದೇಶದ್ದು ಅಂತ ನಾನು ಕೇಳಲು ಹೋಗಿಲ್ಲ, ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ ಮಿರ್ಚಿಗೆ ಸವಾಲು ಹಾಕುವ ಧೈರ್ಯ ನನಗಿಲ್ಲ. ಅಂಗಡಿಯ ಶೇಂಗಾ ಎಣ್ಣೆಯನ್ನೇ ಕೊಳ್ಳುವವರು 'ಬ್ಲೆಂಡೆಡ್' ಎಂಬ ಪದ ಇದೆಯಾ ಅಂತ ನೋಡಿಕೊಳ್ಳಿ. ಅಂಥ ಮಿಶ್ರಣದಲ್ಲಿ ಎರಡು ಎಣ್ಣೆಗಳ ಪೈಕಿ ಒಂದು ಶೇ. 20ರಷ್ಟಿದ್ದರೂ ನಿಯಮಕ್ಕೆ ಸಾಕು.

ಬೇಳೆಯದೂ ಇದೇ ಕಥೆ. ಬಿಡಿಯಾಗಿ ಮಾರುವ ತೊಗರಿಬೇಳೆಗೆ ಊರು ಬರೆದಿರುವುದಿಲ್ಲ. ಚೌಕಿಪೇಟೆಯಲ್ಲಿ ಕೇಳಿದರೆ ವ್ಯಾಪಾರಿಗಳು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ, ಇದು ಬರ್ಮಾದ ಲೆಮನ್ ಎಂಬ ತೊಗರಿ, ಇದು ಆಫ್ರಿಕಾದ್ದು, ಇದು ಗುಲಬರ್ಗಾದ್ದು ಅಂತ. ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಕೆಜಿಗೆ ಸ್ವಲ್ಪ ಹೆಚ್ಚು ಕೊಟ್ಟು ಅದನ್ನೇ ತರುತ್ತೇನೆ. ಸಾರಿನ ಘಮ ಬೇರೆ ಅಂತ ಅತ್ತೆ ಹೇಳುತ್ತಾರೆ. ನನಗೇನೂ ಅಂಥ ವ್ಯತ್ಯಾಸ ಗೊತ್ತಾಗಿಲ್ಲ.

ಹೊದಿಯಲು ಚೀನಾದಿಂದ ಬಂದ ಪಾಲಿಯೆಸ್ಟರ್ ಬ್ಲ್ಯಾಂಕೆಟ್ಟುಗಳಿದ್ದವು, ಬೆಕ್ಕಿನ ಮೈಯಷ್ಟು ನುಣುಪು. ಅವು ಹರಿದ ಮೇಲೆ ಚಳ್ಳಕೆರೆ ಕಂಬಳಿ ತಂದೆವು. ನಮ್ಮ ಬಯಲುಸೀಮೆಯ ಕುರಿಯ ಕರಿ ಉಣ್ಣೆ, ನೇಯುವ ಮುಂಚೆ ನೂಲಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಹೊಸದರಲ್ಲಿ ಹಲಗೆಯ ಹಾಗೆ ಸೆಟೆದುಕೊಂಡಿರುತ್ತದೆ, ಮೈಗೆ ಚುಚ್ಚುತ್ತದೆ. ಒಳಗೆ ಹಳೇ ಹತ್ತಿ ಸೀರೆ ಸೇರಿಸಿ ಹೊದ್ದರೆ ಮುಗಿಯಿತು. ಮಗಳು ಮಾತ್ರ ಇನ್ನೂ ಒಪ್ಪಿಲ್ಲ, ಅವಳಿಗೆ ಸೋಲಾಪುರದ ಹತ್ತಿ ಚಾದರ.

ಆಟಿಕೆ ನಾನು ತಿಳಿದಷ್ಟು ಕಷ್ಟವಾಗಲಿಲ್ಲ. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದರೆ ವಿದೇಶಿ ಕಾರ್ಖಾನೆಗಳೂ ಆ ಗುರುತು ಪಡೆಯಬಹುದಾದ್ದರಿಂದ ವಿಳಾಸ ಓದುವುದು ತಪ್ಪದು. ಪೆನ್ಸಿಲ್ಲಿನ ಚಿಂತೆ ಇಲ್ಲ, ನಟರಾಜ, ಅಪ್ಸರಾ ಎರಡೂ ಇಲ್ಲಿಯವೇ. ಪೆನ್ಸಿಲ್ಲಿನ ಮರದ ಪಟ್ಟಿಗಳು ಹೆಚ್ಚಾಗಿ ಬರುವುದು ಕಾಶ್ಮೀರದ ಪುಲ್ವಾಮಾದಿಂದ ಅಂತ ಹೇಳಿದ ಮೇಲೆ ಮಗ ಮೊಂಡು ಪೆನ್ಸಿಲ್ಲುಗಳನ್ನೂ ಎಸೆಯುತ್ತಿಲ್ಲ.

ಕೆಲವನ್ನು ಮುಟ್ಟಲಿಕ್ಕೇ ಹೋಗಿಲ್ಲ. ಮೊಬೈಲು, ಎಲ್‌ಇಡಿ ಬಲ್ಬು ಇಲ್ಲಿ ಜೋಡಿಸಿದ್ದಾದರೂ ಚಿಪ್ಪು ಹೊರಗಿನದು. ಇಂಗಿನದಂತೂ ತಮಾಷೆ. ಇಂಗಿಲ್ಲದ ಸಾರು ನಮ್ಮ ಮನೆಯಲ್ಲಿ ನಡೆಯದು, ಇಂಗಿನ ಗಿಡದಿಂದ ಒಸರುವ ಹಾಲಿನಂಥ ಅಂಟು ಬರುವುದು ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನದಿಂದ. ಇಲ್ಲಿ ಹಿಟ್ಟು ಬೆರೆಸಿ ಡಬ್ಬಿಗೆ ತುಂಬುತ್ತಾರೆ ಅಷ್ಟೆ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ 2020ರಲ್ಲಿ ಗಿಡ ನೆಟ್ಟಿದ್ದಾರೆ, ಇಂಗು ಕೈಗೆ ಬರಲು ಐದಾರು ವರ್ಷ ಬೇಕಂತೆ.

ಸದ್ಯ ಮನೆಯಲ್ಲಿ ಜಗಳ ಇರುವುದು ಬಿಸ್ಕತ್ತಿನ ಮೇಲೆ. ತಯಾರಿ ಇಲ್ಲಿನದೇ, ಒಳಗಿನ ಎಣ್ಣೆ ಪಾಮ್. ಬದಲಿಗೆ ಮಂಡಕ್ಕಿಗೆ ಗಾಣದ ಎಣ್ಣೆ, ಶೇಂಗಾ, ಹುರಿಗಡಲೆ ಹಾಕಿ ಒಗ್ಗರಣೆ ಕೊಟ್ಟು ಡಬ್ಬ ತುಂಬಿಸಿಡುತ್ತಿದ್ದೇನೆ. ಡಬ್ಬ ಬೇಗ ಖಾಲಿಯಾಗುತ್ತದೆ, ಬಿಸ್ಕತ್ತೂ ಖಾಲಿಯಾಗುತ್ತದೆ.